ನೀಲಗಿರಿಯ ಬೊಡ್ಡೆಯೂ ರಾಗಿಯ ಹೊಲವೂ

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಸೀಮೆಗಳಲ್ಲಿ ಸಂಚರಿಸಿದ ವಾಚಕರಿಗೆ ನೀಲಗಿರಿ ತೋಪುಗಳ ಪರಿಚಯವಿಲ್ಲದೆ ಇರದು. ಆಸ್ಟ್ರೇಲಿಯಾ ಮೂಲದ ಈ ಮರವನ್ನು ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ನೆಟ್ಟರೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಆದರೆ ಅದು ರೈತನ ರಾಗಿಯ ಹೊಲಕ್ಕೆ ವ್ಯಾಪಕವಾಗಿ ಇಳಿದುದು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಭರಾಟೆಯಲ್ಲಿ. ಕಾವಲು ಬೇಡ, ಕಳೆ ಕೀಳುವ ಕೂಲಿ ಬೇಡ, ದನ ಬಾಯಿ ಹಾಕದು; ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಇಡಿಗಂಟು ಕೈಸೇರುತ್ತದೆ. ಮಕ್ಕಳು ಪಟ್ಟಣ ಸೇರಿದ ಮನೆಗಳಿಗೆ ಇದಕ್ಕಿಂತ ಅನುಕೂಲವಾದ ಬೆಳೆ ಯಾವುದಿತ್ತು? ಅಂದು ನೆಟ್ಟ ಹಿರಿಯರನ್ನು ಇಂದು ಹಳಿಯುವುದು ನ್ಯಾಯವಲ್ಲ.

ಅಂತರ್ಜಲದ ಕಳವಳದಿಂದ 2017ರಲ್ಲಿ ರಾಜ್ಯ ಸರಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ನೆಡಬೇಡವೆಂದ ಮಾತ್ರಕ್ಕೆ ನೆಲದೊಳಗಿರುವುದು ತಾನಾಗಿ ಹೋಗುವುದೆ? ಕಬ್ಬಿನ ಕೂಳೆಯಂತೆ ಇದೂ ಕಡಿದ ಕೆಲವೇ ವಾರಗಳಲ್ಲಿ ಮೋಟಿನಿಂದ ಚಿಗುರುತ್ತದೆ. ಎರಡು ಮೂರು ಕೂಳೆ ಕಡಿದ ಮೇಲೆ ಇಳುವರಿ ಕುಗ್ಗುತ್ತದೆ, ಬೊಡ್ಡೆ ಮಾತ್ರ ಹಿಗ್ಗುತ್ತ ಹೋಗುತ್ತದೆ. ಮೂರು ಮೀಟರಿಗೆ ಎರಡು ಮೀಟರ್ ಅಂತರದಲ್ಲಿ ನೆಟ್ಟಿದ್ದರೆ ಎಕರೆಗೆ ಸುಮಾರು 670 ಬೊಡ್ಡೆಗಳು! ನೇಗಿಲು ಹೂಡುವುದೆಲ್ಲಿಂದ ಬಂತು? ಇನ್ನೊಂದು ಕೂಳೆ ಬಿಡೋಣವೆಂದು ಅಣ್ಣ, ಬೊಡ್ಡೆ ಕೀಳಿಸಿ ರಾಗಿ ಬಿತ್ತೋಣವೆಂದು ತಮ್ಮ: ಇಂತಹ ಚರ್ಚೆ ನಡೆಯದ ಮನೆ ಆ ಭಾಗದಲ್ಲಿ ವಿರಳ.

ಹಾರೆ, ಪಿಕಾಸಿ, ಕೊಡಲಿಗಳಿಂದ ಈ ಕೆಲಸ ಮುಗಿಯುವಂತಹುದಲ್ಲ. ಜೆ.ಸಿ.ಬಿ. ತರಿಸಿ ಬುಡಸಹಿತ ಮೀಟಿಸುವುದು ರೂಢಿಗೆ ಬಂದಿದೆ. ಬೊಡ್ಡೆ ಸೌದೆಗಾಗುತ್ತದೆ, ನಿಜ. ಆದರೆ ಪ್ರತಿಯೊಂದು ಬೊಡ್ಡೆಯ ಸ್ಥಳದಲ್ಲಿಯೂ ಹೊಂಡ ಬೀಳುತ್ತದೆ. ಅಡಿಯ ಗೊಜ್ಜು ಮಣ್ಣು ಮೇಲಕ್ಕೆ ಬಂದು, ತಲೆಮಾರುಗಳು ಗೊಬ್ಬರ ಹಾಕಿ ಸಾಕಿದ ಮೇಲ್ಮಣ್ಣು ಕೆಳಗೆ ಸೇರುತ್ತದೆ.

ಬ್ರೆಜಿಲ್ ಮುಂತಾದ ದೇಶಗಳ ದೊಡ್ಡ ನೆಡುತೋಪುಗಳಲ್ಲಿ ಬೇರೊಂದು ವಿಧಾನವುಂಟು. ಟ್ರ್ಯಾಕ್ಟರಿಗೆ ಮಲ್ಚರ್ ಎಂಬ ಯಂತ್ರವನ್ನು ಜೋಡಿಸುತ್ತಾರೆ. ನಮ್ಮ ರೋಟವೇಟರನ್ನು ಕಂಡವರಿಗೆ ಇದರ ತತ್ತ್ವ ಸುಲಭ. ಟ್ರ್ಯಾಕ್ಟರಿನ ಪಿ.ಟಿ.ಒ. ದಂಡವು ನಿಮಿಷಕ್ಕೆ 540 ಅಥವಾ 1000 ಸುತ್ತು ತಿರುಗುತ್ತದೆ. ಆ ಶಕ್ತಿಯಿಂದ ಭಾರವಾದ ಉರುಳೆಯೊಂದು ಇನ್ನೂ ವೇಗವಾಗಿ ಸುತ್ತುತ್ತದೆ. ಉರುಳೆಯ ಮೈತುಂಬ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಹಲ್ಲುಗಳು. ಟ್ರ್ಯಾಕ್ಟರು ಆಮೆಯ ನಡೆಯಲ್ಲಿ ಸಾಗುತ್ತಿದ್ದಂತೆ ಹಲ್ಲುಗಳು ಬೊಡ್ಡೆಯನ್ನು ಕೆರೆದು ಚೂರುಮಾಡಿ ಅಲ್ಲಿಯೇ ಹರಡುತ್ತವೆ. ಹೊಂಡವಿಲ್ಲ, ಸುಡುವ ಹೊಗೆಯೂ ಇಲ್ಲ. ನೆಲಮಟ್ಟಕ್ಕೆ ಅರೆದು ಬಿಟ್ಟರೆ ಸಾಲದು. ಚಿಗುರುವ ಕಣ್ಣುಗಳಿರುವ ಭಾಗವು ಮಣ್ಣಿನೊಳಗೂ ಇರುವುದರಿಂದ ಆಳಕ್ಕೆ ಅರೆಯಬಲ್ಲ ಯಂತ್ರವೇ ಬೇಕು.

ಇಲ್ಲಿಯೇ ತೊಡಕು. ಇಂತಹ ಯಂತ್ರಗಳಿಗೆ ಸಾಮಾನ್ಯವಾಗಿ 100 ಅಶ್ವಶಕ್ತಿಗೆ ಮೀರಿದ ಟ್ರ್ಯಾಕ್ಟರು ಬೇಕು. ನಮ್ಮ ಹಳ್ಳಿಗಳವು ಬಹುಪಾಲು 35ರಿಂದ 50ರವು. ಸಣ್ಣ ಟ್ರ್ಯಾಕ್ಟರಿಗೆ ಒಂದೊಂದೇ ಬೊಡ್ಡೆಯನ್ನು ಅರೆಯುವ ಚಕ್ರಯಂತ್ರಗಳಿವೆ, ಆದರೆ ಕೆಲಸ ನಿಧಾನ. ಬಯಲುಸೀಮೆಯ ಗರಸು ಭೂಮಿಯಲ್ಲಿ ಕಲ್ಲು ತಗುಲಿ ಹಲ್ಲು ಸವೆಯುವ ಖರ್ಚು ಬೇರೆ. ಯಂತ್ರ ಓಡುವಾಗ ಕಲ್ಲು, ಮರದ ಚೂರುಗಳು ಬಂದೂಕಿನ ಗುಂಡಿನಂತೆ ಸಿಡಿಯುತ್ತವೆ. ನೋಡಲು ಮಕ್ಕಳು ನೆರೆಯುವುದು ನಮ್ಮಲ್ಲಿ ಸಹಜವಾದುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಅರೆದ ಚೂರು ಕೂಡಲೇ ಗೊಬ್ಬರವಾಗುತ್ತದೆಂಬ ಭ್ರಮೆಯೂ ಬೇಡ. ಮರದಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲವಿರುತ್ತದೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಹೀರುವುದರಿಂದ, ಚೂರನ್ನು ಉತ್ತು ಬೆರೆಸಿದ ಹೊಲದಲ್ಲಿ ಪೈರು ಹಳದಿಗಟ್ಟುತ್ತದೆ. ಮೊದಲ ವರ್ಷ ರಾಗಿಗೆ ಆತುರಪಡದೆ ಕೊಟ್ಟಿಗೆ ಗೊಬ್ಬರ ಹಾಕಿ ಹುರುಳಿ, ಅಲಸಂದೆಗಳನ್ನು ಬಿತ್ತುವುದು ಲೇಸು. ಚೂರು ಮೇಲ್ಪದರದಲ್ಲಿ ಮುಚ್ಚಿಗೆಯಾಗಿ ಉಳಿದರೆ ಈ ಬಾಧೆ ಕಡಿಮೆ, ತೇವವೂ ನಿಲ್ಲುತ್ತದೆ.

ಯಾವ ವಿಧಾನ ಹಿಡಿದರೂ ಮುಂಗಾರಿನ ಮೊದಲ ಹದಮಳೆಯ ನಂತರ ಹೊಲವನ್ನು ಒಮ್ಮೆ ಸಾಲುಸಾಲಾಗಿ ಸುತ್ತಿಬರಬೇಕು. ತಪ್ಪಿಸಿಕೊಂಡ ಬೊಡ್ಡೆಗಳು ಅಲ್ಲಲ್ಲಿ ಕೆಂಪು ಚಿಗುರು ತೋರುತ್ತವೆ. ಎಳೆಯದಿರುವಾಗಲೇ ಕತ್ತರಿಸುತ್ತ ಬಂದರೆ ಬುಡದಲ್ಲಿ ಕೂಡಿಟ್ಟ ಆಹಾರ ಕ್ರಮೇಣ ತೀರುತ್ತದೆ. ಇದಕ್ಕೆ ಯಂತ್ರ ಬೇಡ, ಕುಡುಗೋಲು ಸಾಕು.