ಕಂಪವಾತವೂ ಮಿದುಳಿನ ಕರಿಯ ದ್ರವ್ಯವೂ

ಪೆನ್ಶನ್ ಪಡೆಯುವ ವೃದ್ಧರ ರುಜುವು ದಫ್ತರದಲ್ಲಿರುವ ಹಳೆಯ ರುಜುವಿಗೆ ಹೊಂದುವುದಿಲ್ಲವೆಂದು ಕಾಗದಗಳು ಹಿಂದಿರುಗುವುದುಂಟು. ಬರೆಯುತ್ತ ಬರೆಯುತ್ತ ಅಕ್ಷರಗಳು ಸಾಸಿವೆಯಷ್ಟಾಗುತ್ತವೆ. ಮನೆಯವರು ಇದನ್ನು ಮುಪ್ಪೆನ್ನುತ್ತಾರೆ. ನಡಿಗೆ ನಿಧಾನವಾದರೆ ಆಲಸ್ಯವೆನ್ನುತ್ತಾರೆ. ಇವು ಕಂಪವಾತದ ಮೊದಲ ಚಿಹ್ನೆಗಳಾಗಿರಬಹುದೆಂಬುದನ್ನು ವಾಚಕರು, ವಿಶೇಷವಾಗಿ ಅಧಿಕಾರಸ್ಥರು, ಅರಿತಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ನನು 1817ರಲ್ಲಿ ಆರು ಮಂದಿಯ ವೃತ್ತಾಂತದೊಡನೆ ಈ ವ್ಯಾಧಿಯನ್ನು ವರ್ಣಿಸಿದನು. ಅದರ ನೆಲೆಯು ಮಧ್ಯಮಿದುಳಿನಲ್ಲಿದೆಯೆಂದು 1919ರಲ್ಲಿ ಪ್ಯಾರಿಸ್ಸಿನ ತ್ರೆತ್ಯಾಕೋಫನು ತೋರಿಸಿದನು. ಅಲ್ಲಿ ಎಡಬಲಗಳಲ್ಲಿ ಒಂದೊಂದು ಕರಿಯ ಪದರವುಂಟು. ಲ್ಯಾಟಿನ್ನಿನಲ್ಲಿ ಅದರ ಹೆಸರೇ ಕರಿಯ ದ್ರವ್ಯವೆಂದು. ಅದರ ಕೋಶಗಳು ಡೋಪಮೀನ್ ಎಂಬ ರಸವನ್ನು ತಯಾರಿಸಿ, ಎಳೆಗಳ ಮೂಲಕ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳ ಹೆಬ್ಬಾಗಿಲಾದ ಸ್ಟ್ರಯೇಟಮ್ಮಿಗೆ ಮುಟ್ಟಿಸುತ್ತವೆ.

ಮಾನವನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೆ, ಮಧ್ಯಮಿದುಳಿನ ಡೋಪಮೀನ್ ಕೋಶಗಳು ಕೆಲವೇ ಲಕ್ಷ. ಸಂಖ್ಯೆಯ ಕೊರತೆಯನ್ನು ಅವು ಕವಲುಗಳಿಂದ ತುಂಬಿಕೊಳ್ಳುತ್ತವೆ. 2009ರಲ್ಲಿ ಜಪಾನಿನ ಶಾಸ್ತ್ರಜ್ಞರು ಇಲಿಯ ಒಂದೊಂದೇ ಕೋಶದ ಎಳೆಯನ್ನು ಅಳೆದಾಗ, ಅತಿ ದೊಡ್ಡದರ ಕವಲುಗಳ ಒಟ್ಟು ಉದ್ದ 78 ಸೆಂಟಿಮೀಟರುಗಳಾಯಿತು. ಇಲಿಯ ಮಿದುಳಾದರೋ ಹೆಬ್ಬೆರಳಿನಷ್ಟೂ ಇಲ್ಲ! ಮಾನವನಲ್ಲಿ ಒಂದು ಕೋಶಕ್ಕೆ ಹತ್ತು ಲಕ್ಷಕ್ಕೂ ಮಿಕ್ಕು ಸಂಧಿಗಳಿರುವುವೆಂದು ಅಂದಾಜು. ಒಬ್ಬನೇ ಶಾನುಭೋಗನು ಹೋಬಳಿಯ ಲೆಕ್ಕವನ್ನೆಲ್ಲ ಬರೆಯುವಂತಹ ವ್ಯವಸ್ಥೆಯಿದು. ಇಷ್ಟು ವಿಸ್ತಾರವನ್ನು ಪೋಷಿಸುವ ಶ್ರಮದಿಂದಲೇ ಈ ಕೋಶಗಳು ಬೇಗ ಸಾಯುವುವೆಂದು ಕೆಲವು ಪಂಡಿತರ ಮತ. ನಮಗೂ ಅದು ಯುಕ್ತವಾಗಿ ತೋರುತ್ತದೆ.

ಬೇಸಲ್ ಗ್ಯಾಂಗ್ಲಿಯಾದ ಸ್ವಭಾವವೇ ಚಲನೆಯನ್ನು ತಡೆಹಿಡಿಯುವುದು. ಸ್ಟ್ರಯೇಟಮ್ಮಿನಿಂದ ಹೊರಡುವ ಒಂದು ಮಾರ್ಗವು ಆ ಹಿಡಿತವನ್ನು ಸಡಿಲಿಸುತ್ತದೆ, ಇನ್ನೊಂದು ಬಿಗಿಗೊಳಿಸುತ್ತದೆ. ಡೋಪಮೀನು ಮೊದಲನೆಯದಕ್ಕೆ ಬಲವನ್ನಿತ್ತು ಎರಡನೆಯದನ್ನು ಕುಗ್ಗಿಸುತ್ತದೆ. ಅದು ಬತ್ತಿದಾಗ ಹಿಡಿತವೇ ಮೇಲಾಗಿ, ಇಚ್ಛೆಯಿದ್ದರೂ ಕಾಲು ಏಳದು. ಚಿಹ್ನೆಗಳು ಕಾಣುವ ವೇಳೆಗೆ ಸ್ಟ್ರಯೇಟಮ್ಮಿನ ಡೋಪಮೀನಿನ ಬಹುಭಾಗವು ನಷ್ಟವಾಗಿರುತ್ತದೆ. ಅಲ್ಲಿಯವರೆಗೆ ಉಳಿದ ಕೋಶಗಳು ಕೊರತೆಯನ್ನು ಮರೆಮಾಡುತ್ತವೆ.

ಈ ಶೋಧನೆಯಲ್ಲಿ ನಮ್ಮ ನಾಡಿನ ಮೂಲಿಕೆಗಳ ಪಾತ್ರವೂ ಇದೆ. ಸ್ವೀಡನ್ನಿನ ಆರ್ವಿದ್ ಕಾರ್ಲ್ಸನ್ನರು 1957ರಲ್ಲಿ ಸರ್ಪಗಂಧಿಯ ಸಾರವಾದ ರೆಸರ್ಪಿನ್ನನ್ನು ಮೊಲಗಳಿಗೆ ಕೊಟ್ಟು ನಿಶ್ಚಲವಾಗಿಸಿ, ಡೋಪವನ್ನು ಚುಚ್ಚಿ ಮರಳಿ ಎಬ್ಬಿಸಿದರು. 2000ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಗೌರವವು ದೊರೆಯಿತು. ಮೃತ ರೋಗಿಗಳ ಸ್ಟ್ರಯೇಟಮ್ಮಿನಲ್ಲಿ ಡೋಪಮೀನಿನ ಅಭಾವವನ್ನು 1960ರಲ್ಲಿ ವಿಯೆನ್ನಾದ ಏರಿಂಗರ್ ಮತ್ತು ಹಾರ್ನಿಕೀವಿಚ್ ಪ್ರಕಟಪಡಿಸಿದರು. ಮರುವರ್ಷವೇ ಬಿರ್ಕ್‌ಮೇಯರರು ರೋಗಿಗಳಿಗೆ ಡೋಪವನ್ನು ಕೊಟ್ಟರು. ಡೋಪಮೀನು ರಕ್ತದಿಂದ ಮಿದುಳನ್ನು ಸೇರಲಾರದು. ಅದರ ಪೂರ್ವರೂಪವಾದ ಡೋಪವು ಸೇರಬಲ್ಲುದು. ಆ ಡೋಪವನ್ನೇ 1937ರಷ್ಟು ಹಿಂದೆ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ್ದರು. ಮಿದುಳಿನಲ್ಲಿ ಡೋಪಮೀನಿಗೆ ಸ್ವಂತ ಕಾರ್ಯವುಂಟೆಂದೇ ಆಗ ತಿಳಿದಿರಲಿಲ್ಲ.

ಹಾಗೆಂದು ಮನೆಯಲ್ಲಿ ಬೀಜವನ್ನರೆದು ಕುಡಿಸುವುದನ್ನು ನಾವು ಅನುಮೋದಿಸುವುದಿಲ್ಲ. ಬೀಜದಿಂದ ಬೀಜಕ್ಕೆ ಡೋಪದ ಪ್ರಮಾಣವು ಬೇರೆಯಾಗಿರುತ್ತದೆ. ವೈದ್ಯರು ಕೊಡುವ ಡೋಪವೂ ಕೋಶಗಳ ಸಾವನ್ನು ನಿಲ್ಲಿಸಲಾರದು. ಆದರೂ ಅದು ರೋಗಿಯನ್ನು ವರ್ಷಗಳವರೆಗೆ ತನ್ನ ಕೆಲಸ ತಾನು ಮಾಡಿಕೊಳ್ಳುವಂತೆ ಇಡಬಲ್ಲುದು. ಒಮ್ಮೆ ಹಿಡಿದ ಮದ್ದನ್ನು ವೈದ್ಯರ ಅಪ್ಪಣೆಯಿಲ್ಲದೆ ಹಠಾತ್ತನೆ ಬಿಡುವುದು ಅಪಾಯಕರವಾದುದು.