ಹ್ಯೂಮಿಡಾರ್ ಮಣಿಗಳಿಗೆ ಬೂಷ್ಟು ಬಾರದಂತೆ

ಸಿಗಾರ್ ಆರೋಗ್ಯಕ್ಕೆ ಕೆಟ್ಟದ್ದು, ಅದರಲ್ಲಿ ತಕರಾರಿಲ್ಲ. ಆದರೂ ನಮ್ಮ ಕೆಲವರ ಮನೆಯಲ್ಲಿ ಹ್ಯೂಮಿಡಾರ್ ಪೆಟ್ಟಿಗೆ ಇದೆ, ನನ್ನಲ್ಲೂ ಇದೆ. ಅದರ ತೇವ ಕಾಯುವ ಮಣಿಗಳಿಗೆ ಬೂಷ್ಟು ಹಿಡಿದರೆ ಪೆಟ್ಟಿಗೆಯಲ್ಲಿರುವ ದುಬಾರಿ ಸಿಗಾರ್‌ಗಳಿಗೂ ಹಬ್ಬಬಹುದು.

ಮಣಿಗಳು ಸಿಲಿಕಾದವು. ಬೂಷ್ಟಿಗೆ ಅದು ಆಹಾರವಲ್ಲ. ಮೇಲೆ ಕೂತ ಹೊಗೆಸೊಪ್ಪಿನ ಪುಡಿ, ಧೂಳೇ ಅದರ ಊಟ. ಜೊತೆಗೆ ನೀರೂ ಹೆಚ್ಚಾದರೆ ಕೇಳುವುದೇ ಬೇಡ! ಆದ್ದರಿಂದ ಮಣಿಗಳನ್ನು ನೀರಲ್ಲಿ ಮುಳುಗಿಸಬೇಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಸ್ವಲ್ಪ ಸ್ವಲ್ಪವೇ ಚಿಮುಕಿಸಿ. ಬಿಳಿ ಮಣಿ ನೀರು ಕುಡಿದಾಗ ಗಾಜಿನಂತಾಗುತ್ತದೆ. ಮೂರರಲ್ಲೊಂದು ಪಾಲು ಬಿಳಿಯಾಗಿಯೇ ಉಳಿಯಲಿ, ಹೆಚ್ಚಿನ ತೇವ ಹೀರಲು ಅವು ಬೇಕು. ನಲ್ಲಿ ನೀರಿನ ಲವಣಗಳು ಮಣಿಯ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಫೋಮ್‌ಗೆ ಹಾಕುವ ಪ್ರೊಪಿಲೀನ್ ಗ್ಲೈಕಾಲ್ ಕೂಡ ಇವಕ್ಕೆ ಬೇಡ.

ತೇವಾಂಶ ಶೇ. 65ರಿಂದ 70 ಸಾಕು. ಆದರೆ ಹೈಗ್ರೋಮೀಟರ್ ನಿಜ ಹೇಳುತ್ತಿದೆಯೇ? ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟು ಮಾತ್ರ ಒದ್ದೆ ಮಾಡಿ, ಮೀಟರಿನ ಜೊತೆ ಜಿಪ್ ಚೀಲದಲ್ಲಿ ಎಂಟು ಗಂಟೆ ಮುಚ್ಚಿಡಿ. ಶೇ. 75 ತೋರಿಸಬೇಕು. ಇಲ್ಲದಿದ್ದರೆ ವ್ಯತ್ಯಾಸ ಬರೆದಿಟ್ಟುಕೊಳ್ಳಿ.

ಬೂಷ್ಟು ಬಂದೇಬಿಟ್ಟರೆ ಆ ಮಣಿಗಳನ್ನು ತೊಳೆಯುತ್ತಾ ಕೂರಬೇಡಿ, ಎಸೆಯಿರಿ. ಪೆಟ್ಟಿಗೆಯನ್ನು ಐಸೊಪ್ರೊಪಿಲ್ ಆಲ್ಕೋಹಾಲ್‌ನಿಂದ ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಟ್ಟು ಒಣಗಿಸಿ. ಹೊಸ ಮಣಿಗಳು ಸಿಗಾರ್‌ಗಳಿಗೆ ತಗುಲದಂತಿರಲಿ.