ಸೈಕಲ್ಲಿಗೆ ಮೋಟಾರು ಕಿಟ್: ಏರುವ ಮುನ್ನ ಪರೀಕ್ಷಿಸಿ



ಬೆಳಗಿನ ಹಾಲನ್ನು ಡೈರಿಗೆ ಮುಟ್ಟಿಸಲು, ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ಟಿನ ಬಳಿಗೆ ಹೋಗಲು, ಹಸಿ ಹುಲ್ಲಿನ ಹೊರೆ ತರಲು ಇಂದಿಗೂ ಸೈಕಲ್ಲನ್ನೇ ನಂಬಿದವರು ನಮ್ಮಲ್ಲಿ ಅನೇಕರಿದ್ದಾರೆ. 1972ರಲ್ಲಿ ಲೂನಾ, 1980ರಲ್ಲಿ ಟಿ.ವಿ.ಎಸ್. 50 ಬಂದಾಗ ಹಳ್ಳಿಯ ಜನ ಅವನ್ನು ಮೆಚ್ಚಿ ಕೊಂಡರು. ಆದರೆ ಅವು ಕಾರ್ಖಾನೆಯಲ್ಲಿ ಮೋಟಾರಿಗೆಂದೇ ಕಟ್ಟಿದ ವಾಹನಗಳು. ಈಗ ಅಗ್ಗದ ಬೆಲೆಗೆ ಸಿಗುತ್ತಿರುವ ಕಿಟ್‌ಗಳ ಸಂಗತಿ ಬೇರೆ. ಇಲ್ಲಿ ಮೋಟಾರು ಹೊಸದು, ಸೈಕಲ್ಲು ಹಳೆಯದು. ಎರಡನ್ನೂ ಜೋಡಿಸುವವರು ನೀವೇ. ಆದ್ದರಿಂದ ಪರೀಕ್ಷಿಸುವ ಹೊಣೆಯೂ ನಿಮ್ಮದೇ.

ಬಿತ್ತನೆಗೆ ಮುನ್ನ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸುವುದು ನಿಮಗೆ ಗೊತ್ತು. ಚೀಲದ ಮೇಲಿನ ಅಚ್ಚನ್ನು ನಂಬಿ ಇಡೀ ಹೊಲ ಬಿತ್ತುವುದಿಲ್ಲ. ಕಿಟ್ಟಿಗೂ ಇದೇ ನೀತಿ ಅನ್ವಯಿಸುತ್ತದೆ.

ಮೊದಲು ಲೆಕ್ಕ ಮಾಡಿ

ಬ್ಯಾಟರಿಯ ಮೇಲೆ ವೋಲ್ಟ್ ಮತ್ತು ಆಂಪಿಯರ್-ಗಂಟೆಯ ಅಂಕಿಗಳಿರುತ್ತವೆ. ಅವೆರಡನ್ನೂ ಗುಣಿಸಿರಿ. 36 ವೋಲ್ಟ್, 7.5 ಆಂಪಿಯರ್-ಗಂಟೆಯಾದರೆ 270 ವ್ಯಾಟ್-ಗಂಟೆ. ಪೆಡಲ್ ತುಳಿಯದೆ ಸಮತಟ್ಟಾದ ರಸ್ತೆಯಲ್ಲಿ ಹೋದರೆ ಕಿಲೋಮೀಟರಿಗೆ ಸುಮಾರು 12ರಿಂದ 15 ವ್ಯಾಟ್-ಗಂಟೆ ಬೇಕು. ಎಂದರೆ 18ರಿಂದ 22 ಕಿಲೋಮೀಟರು. ಹಾಲಿನ ಕ್ಯಾನು, ಏರು ದಾರಿ, ಕೆಸರು ಇದ್ದರೆ ಇನ್ನೂ ಕಡಿಮೆ. ಇದೇ ಬ್ಯಾಟರಿಗೆ 60 ಕಿಲೋಮೀಟರು ಎಂದು ಬರೆದಿದ್ದರೆ, ಅದರಲ್ಲಿ ಬಹುಪಾಲು ನಿಮ್ಮ ಕಾಲಿನ ದುಡಿಮೆಯೆಂದು ತಿಳಿಯಿರಿ.

ಫೋರ್ಕು ಮತ್ತು ಆಕ್ಸಲ್

ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲಿದೆ. ಸಾಮಾನ್ಯ ಚಕ್ರದಲ್ಲಿ ಆಕ್ಸಲ್ ಭಾರ ಹೊರುತ್ತದೆ, ಅಷ್ಟೆ. ಮೋಟಾರು ಚಕ್ರದಲ್ಲಿ ಆಕ್ಸಲ್ ನಿಂತಿದ್ದು, ಸುತ್ತಲಿನ ಹಬ್ಬು ತಿರುಗಬೇಕು. ಹಬ್ಬನ್ನು ಮುಂದಕ್ಕೆ ತಿರುಗಿಸುವಷ್ಟೇ ಬಲ ಆಕ್ಸಲ್ಲನ್ನು ಹಿಂದಕ್ಕೆ ತಿರುಚುತ್ತದೆ. ಅದನ್ನು ತಡೆಯುವುದು ಫೋರ್ಕಿನ ತುದಿಯ ಸೀಳು ಮಾತ್ರ. ಆ ಸೀಳು ಅಗಲವಾದರೆ ಆಕ್ಸಲ್ ತಿರುಗಿ, ತಂತಿ ಕಿತ್ತು, ಮುಂದಿನ ಚಕ್ರವೇ ಕಳಚಿ ಬೀಳಬಹುದು. ಸವಾರ ಮುಖ ಕೆಳಗಾಗಿ ಬೀಳುತ್ತಾನೆ.

ಇದಕ್ಕೆ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಹಾಕಬೇಕು. ಅದರ ಒಂದು ತುದಿ ಆಕ್ಸಲ್ಲಿನ ಚಪ್ಪಟೆ ಭಾಗವನ್ನು ಹಿಡಿದರೆ, ಇನ್ನೊಂದು ತುದಿಯನ್ನು ಫೋರ್ಕಿನ ಕಾಲಿಗೆ ಬಿಗಿಯಲಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಅನೇಕ ವೇಳೆ ಇದನ್ನೇ ಬಿಟ್ಟಿರುತ್ತಾರೆ. ಅಲ್ಯೂಮಿನಿಯಂ ಫೋರ್ಕಿಗೆ ಮೋಟಾರು ಚಕ್ರ ಬೇಡ.

ಪರೀಕ್ಷೆ ಹೀಗೆ: ಆಕ್ಸಲ್ಲಿನ ತುದಿಯಿಂದ ಫೋರ್ಕಿನವರೆಗೆ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಸಮತಟ್ಟು ದಾರಿಯಲ್ಲಿ ನಿಧಾನವಾಗಿ 2 ಕಿಲೋಮೀಟರು ಓಡಿಸಿ ಇಳಿದು ನೋಡಿರಿ. ಗೆರೆ ಕೂದಲೆಳೆಯಷ್ಟು ಸರಿದಿದ್ದರೂ ಮತ್ತೆ ಏರಬೇಡಿ. ಸರಿಯಿದ್ದರೆ ಮೊದಲ ವಾರ ದಿನಾಲೂ ಗೆರೆ ನೋಡಿ, ನಟ್ಟು ಬಿಗಿ ಮಾಡಿರಿ.

ಬ್ರೇಕು

ವೇಗ ಎರಡರಷ್ಟಾದರೆ ನಿಲ್ಲಿಸಲು ಬೇಕಾದ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಗಂಟೆಗೆ 12 ಕಿಲೋಮೀಟರಿಗೆ ಸಾಕಾಗಿದ್ದ ಬ್ರೇಕು 24ಕ್ಕೆ ಸಾಲದು. ಜನರಿಲ್ಲದ ರಸ್ತೆಯಲ್ಲಿ ಸುಣ್ಣದ ಗೆರೆ ಹಾಕಿ, ಅಲ್ಲಿ ಬ್ರೇಕು ಹಿಡಿದು, ನಿಂತ ಜಾಗದವರೆಗೆ ಅಳೆಯಿರಿ. ಬಳಿಕ ರಿಮ್ಮಿಗೆ ನೀರು ಚಿಮುಕಿಸಿ, ಕಡಿಮೆ ವೇಗದಲ್ಲಿ ಪುನಃ ನೋಡಿರಿ. ಒದ್ದೆಯಾದ ಉಕ್ಕಿನ ರಿಮ್ಮು ಎಷ್ಟು ಜಾರುತ್ತದೆಂಬುದು ಮಳೆಗಾಲಕ್ಕೆ ಮೊದಲೇ ತಿಳಿಯುತ್ತದೆ.

ಚಕ್ರವನ್ನು ಮೇಲೆತ್ತಿ ಮೋಟಾರು ಓಡಿಸಿ ಬ್ರೇಕಿನ ಹಿಡಿ ಒತ್ತಿರಿ. ಮೋಟಾರಿಗೆ ಕರೆಂಟು ಕೂಡಲೇ ನಿಲ್ಲಬೇಕು. ಆಕ್ಸಿಲರೇಟರನ್ನು ಬಿಟ್ಟೊಡನೆ ಅದು ತಾನಾಗಿ ಹಿಂದಕ್ಕೆ ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಕಿಟ್ಟನ್ನು ಹಿಂದಿರುಗಿಸುವುದೇ ಲೇಸು.

ತಂತಿ, ಬ್ಯಾಟರಿ, ಚಾರ್ಜರ್

15 ನಿಮಿಷ ಓಡಿಸಿ ನಿಲ್ಲಿಸಿ, ತಂತಿಯ ಕೂಡುಗಳನ್ನು ಮುಟ್ಟಿ ನೋಡಿರಿ. ಬಿಸಿಯಾಗಿದ್ದರೆ ತಂತಿ ತೆಳುವಾಗಿದೆ ಅಥವಾ ಕೂಡು ಸಡಿಲವಾಗಿದೆ. ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸು ಇರಬೇಕು.

ಒಂದೊಂದೂ 4.2 ವೋಲ್ಟಿಗೆ ತುಂಬುವ 10 ಸೆಲ್ಲುಗಳ ಲಿಥಿಯಂ ಬ್ಯಾಟರಿಯನ್ನು 42 ವೋಲ್ಟಿಗಿಂತ ಹೆಚ್ಚಿಗೆ ಚಾರ್ಜು ಮಾಡಬಾರದು. ಲೆಡ್ ಆಸಿಡ್ ಬ್ಯಾಟರಿಯ 36 ವೋಲ್ಟ್ ಚಾರ್ಜರ್ ಇದನ್ನು ಮೀರಬಹುದು. ಆದಕಾರಣ ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಾಕಲೇಬೇಡಿ, ಬೆಂಕಿ ಹೊತ್ತಬಹುದು. ಹುಲ್ಲಿನ ಬಣವೆ, ಕೊಟ್ಟಿಗೆ, ಮಲಗುವ ಕೋಣೆ ಇವುಗಳಲ್ಲಿ ಚಾರ್ಜು ಮಾಡಬೇಡಿ. ರಾತ್ರಿ ಹಾಕಿಟ್ಟು ಮಲಗುವುದೂ ಸಲ್ಲದು.

ಪೆಟ್ರೋಲ್ ಕಿಟ್

80 ಸಿ.ಸಿ. ಎಂದು ಮಾರುವ ಎಂಜಿನ್ನುಗಳನ್ನೂ ಅಳೆದೇ ನೋಡಬೇಕು. ಸಿಲಿಂಡರಿನ ಒಳವ್ಯಾಸ 47 ಮಿ.ಮೀ., ಪಿಸ್ಟನ್ನಿನ ಓಟ 38 ಮಿ.ಮೀ. ಇದ್ದರೆ ಲೆಕ್ಕಕ್ಕೆ ಬರುವುದು 66 ಸಿ.ಸಿ. ಮಾತ್ರ. ಇಂಥ ಹಲವು ಕಿಟ್‌ಗಳಲ್ಲಿ ಹಿಂದಿನ ಹಲ್ಲುಚಕ್ರವನ್ನು ರಬ್ಬರ್ ಬಿಲ್ಲೆಗಳ ನಡುವೆ ಸ್ಪೋಕ್ ಕಡ್ಡಿಗಳಿಗೇ ಬಿಗಿಯುತ್ತಾರೆ. ಎಂಜಿನ್ನಿನ ಎಳೆತಕ್ಕೆ ಕಡ್ಡಿಗಳು ಮುರಿಯುತ್ತವೆ. ಚೈನು ಬಿಗಿ ಮಾಡುವ ಉರುಳೆ ಸಡಿಲವಾಗಿ ಕಡ್ಡಿಗಳ ನಡುವೆ ಸಿಕ್ಕಿದರೆ ಚಕ್ರ ಒಮ್ಮೆಲೇ ನಿಂತುಬಿಡುತ್ತದೆ.

ಕಾನೂನು

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ 25 ಸಿ.ಸಿ. ಮೀರಿದ ಎಂಜಿನ್ ಹಾಕಿದರೆ ನಿಮ್ಮ ಸೈಕಲ್ಲು ಮೋಟಾರು ವಾಹನವಾಗುತ್ತದೆ. ವಿದ್ಯುತ್ ಮೋಟಾರಿನ ಶಕ್ತಿ 250 ವ್ಯಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆ ಇರಬೇಕು. ಇತರ ಷರತ್ತುಗಳೂ ಇವೆ. ಮಾರುವವರಿಂದ ಪರೀಕ್ಷಾ ಪತ್ರ ಕೇಳಿರಿ. ಮಿತಿ ಮೀರಿದರೆ ನೋಂದಣಿ, ಲೈಸೆನ್ಸು, ವಿಮೆ ಎಲ್ಲವೂ ಬೇಕು. ಇವಿಲ್ಲದೆ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊರೆ ನಿಮ್ಮ ಜಮೀನಿನ ಮೇಲೆ ಬಂದೀತು.

ಕಿಟ್ಟೇ ಬೇಡವೆಂದು ನಾವು ಹೇಳುತ್ತಿಲ್ಲ. ಗಟ್ಟಿಮುಟ್ಟಾದ ಸೈಕಲ್ಲು, ಸಣ್ಣ ಮೋಟಾರು, ಒಳ್ಳೆಯ ಬ್ರೇಕು ಇದ್ದರೆ ಅದು ನಿಮಗೆ ನೆರವಾಗಬಲ್ಲದು. ಕೊಳ್ಳುವಾಗ ರಸೀದಿ ಪಡೆಯಿರಿ, ಹಿಂದಿರುಗಿಸುವ ಗಡುವು ಕೇಳಿರಿ, ಆ ಗಡುವಿನೊಳಗೇ ಮೇಲಿನ ಪರೀಕ್ಷೆಗಳನ್ನು ಮುಗಿಸಿರಿ. ಮೊದಲು ಬರಿಯ ಸೈಕಲ್ಲು, ಆಮೇಲೆ ಅರ್ಧ ಹೊರೆ, ಕೊನೆಗೆ ಪೂರ್ತಿ ಹೊರೆ. ಮಕ್ಕಳನ್ನು ಕೂರಿಸುವ ಮಾತು ಮಾತ್ರ, ಬಣ್ಣದ ಗೆರೆ ಒಂದು ತಿಂಗಳು ಸರಿಯದೆ ನಿಂತ ಮೇಲೆ.